ಡಿಸ್ಕ್ ಆಪರೇಷನ್‌ನಲ್ಲಿ ನರದ ಮೇಲಿನ ನಿಗಾ: ಯಾರು ನೋಡಿದರು ಎಂಬುದು ಬರಹದಲ್ಲಿರಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ, ಬೆನ್ನಿನ ಡಿಸ್ಕ್‌ಗೆ ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ಲೇಖನವನ್ನು ಓದಿದೆ. ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಬೇಗ ಎದ್ದು ಓಡಾಡಬಹುದು ಎಂದು ಅದರಲ್ಲಿ ಬರೆದದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಕೊನೆಯಲ್ಲಿ, ಆಪರೇಷನ್ ನಡೆಯುವಾಗ ಯಂತ್ರವೇ ನರಗಳ ಮೇಲೆ ಕಣ್ಣಿಟ್ಟಿರುವುದರಿಂದ ನರಕ್ಕೆ ಪೆಟ್ಟಾಗುವ ಭಯ ಬೇಡ ಎಂಬ ಅರ್ಥದ ಒಂದು ವಾಕ್ಯವಿತ್ತು. ಆ ಪುಟವನ್ನು ಕತ್ತರಿಸಿ ಮಡಚಿಟ್ಟುಕೊಂಡು ಈ ವಾರ ಇಬ್ಬರು ನನ್ನ ಬಳಿ ಬಂದಿದ್ದರು. ಒಬ್ಬರು ತೀರ್ಥಹಳ್ಳಿ ಕಡೆಯ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರು, ಇನ್ನೊಬ್ಬರು ಸಾಗರದ ನಿವೃತ್ತ ಶಾಲಾ ಶಿಕ್ಷಕಿ. ಇಬ್ಬರೂ ಬೆರಳಿಟ್ಟು ತೋರಿಸಿದ್ದು ಆ ಒಂದೇ ವಾಕ್ಯವನ್ನು. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಜನ ಅಡಿಕೆ ಮಾರಿದ ದುಡ್ಡನ್ನು ಮಾತ್ರವಲ್ಲ, ತಮ್ಮ ಕಾಲನ್ನೂ ಪಣಕ್ಕಿಡುತ್ತಾರೆ ಎಂಬ ಕಾರಣಕ್ಕೆ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ 19 ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಮರ ಹತ್ತುವವರು, ಮಳೆಗಾಲದಲ್ಲಿ ಬಗ್ಗಿ ನಾಟಿ ಮಾಡುವವರು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವ ಹೆಂಗಸರು, ಘಾಟಿಯ ತಿರುವುಗಳಲ್ಲಿ ದಿನಕ್ಕೆರಡು ಸಲ ಬಸ್ಸು ಓಡಿಸುವ ಚಾಲಕರು, ಇವರೆಲ್ಲರ ಸೊಂಟ ನೋವಿನ ಚೀಟಿಗಳು ನನ್ನ ಮೇಜಿನ ಮೇಲೆ ಬರುತ್ತವೆ. ಆಪರೇಷನ್ ಮಾಡುವುದು ನನ್ನ ಕೆಲಸವಲ್ಲ. ಆದರೆ ಆಪರೇಷನ್ ಆದ ಮೇಲೆ ಕಾಲನ್ನು ಮತ್ತೆ ನಡೆಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ವಿಷಯ ನಮ್ಮ ಮನೆಯೊಳಗೇ ಬಂದು ಹೋಗಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ‘ಡಿಸ್ಕ್ ಜಾರಿದೆ’ ಎನ್ನುತ್ತೇವೆ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ನಿಜಕ್ಕೂ ಅದು ಇದ್ದ ಜಾಗದಿಂದ ಜಾರುವುದಿಲ್ಲ. ಅದರ ಗಟ್ಟಿಯಾದ ಹೊರ ಉಂಗುರ ಹರಿದು, ಒತ್ತಿದ ಕಡುಬಿನ ಬದಿಯಿಂದ ಹೂರಣ ಹೊರಬರುವಂತೆ ಒಳಗಿನ ಮೆದು ಭಾಗ ಹೊರಗೆ ಬಂದು ಪಕ್ಕದ ನರದ ಬೇರನ್ನು ಒತ್ತುತ್ತದೆ. ಸೊಂಟದಲ್ಲಿ ಇದು ಹೆಚ್ಚಾಗಿ ಆಗುವುದು 4 ಮತ್ತು 5ನೆಯ ಸೊಂಟದ ಮೂಳೆಗಳ ನಡುವೆ, ಇಲ್ಲವೇ 5ನೆಯ ಮೂಳೆ ಮತ್ತು ಅದರ ಕೆಳಗಿನ ತ್ರಿಕಾಸ್ಥಿಯ ನಡುವೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಒತ್ತಡಕ್ಕೆ ಸಿಗುವ ನರ ನಮ್ಮ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತುತ್ತದೆ. ಎರಡನೆಯದರಲ್ಲಿ ಸಿಗುವ ನರ ತುದಿಗಾಲಲ್ಲಿ ನಿಲ್ಲಿಸುತ್ತದೆ. ಡಿಸ್ಕ್ ಹೀಗಾದವರಲ್ಲಿ ಬಹುಪಾಲು ಜನರ ಕಾಲುನೋವು ಆರರಿಂದ ಹನ್ನೆರಡು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ ಅಥವಾ ಕಾಲಿನ ಬಲ ದಿನದಿಂದ ದಿನಕ್ಕೆ ಕುಸಿದರೆ ಮಾತ್ರ ಒಂದು ದಿನವೂ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಡಿಸ್ಕ್‌ನ ತುಣುಕು ನರವನ್ನು ಒತ್ತುವುದೇ ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಕಾರಣ ಎಂದು ಬೋಸ್ಟನ್‌ನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಪ್ರಕಟಿಸಿದ ಮೇಲೆ ಈ ಆಪರೇಷನ್‌ಗೆ ಭದ್ರವಾದ ನೆಲೆ ಸಿಕ್ಕಿತು. ಆಗ ಬೆನ್ನನ್ನು ಅಗಲವಾಗಿ ತೆರೆಯುತ್ತಿದ್ದರು. 1977ರಲ್ಲಿ ಯಾಸರ್ಗಿಲ್ ಮತ್ತು ಕ್ಯಾಸ್ಪರ್ ಸೂಕ್ಷ್ಮದರ್ಶಕದ ಕೆಳಗೆ ಮಾಡುವ ವಿಧಾನವನ್ನು ಬೇರೆ ಬೇರೆಯಾಗಿ ವಿವರಿಸಿದರು. 1997ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್, ಸ್ನಾಯುಗಳನ್ನು ಕತ್ತರಿಸದೆ ಬಿಡಿಸಿ ಒಳಗೆ ಕೊಳವೆಯಿಳಿಸಿ ಮಾಡುವ ಕ್ರಮವನ್ನು ತಂದರು. ಈಗ ಪೂರ್ಣವಾಗಿ ಕ್ಯಾಮೆರಾ ಇರುವ ತೆಳು ಕೊಳವೆಯಲ್ಲಿ, ಅಂದರೆ ಎಂಡೋಸ್ಕೋಪ್‌ನಲ್ಲಿ ಮಾಡುವವರು ಒಂದು ಸೆಂಟಿಮೀಟರಿಗಿಂತ ಕಡಿಮೆ ಗಾಯದಲ್ಲಿ, ಬೆನ್ನಿನ ಪಕ್ಕದಿಂದ, ಕಾಂಬಿನ್ ತ್ರಿಕೋನ ಎಂದು ಕರೆಯುವ ಇಕ್ಕಟ್ಟಾದ ಜಾಗದ ಮೂಲಕ ಡಿಸ್ಕ್‌ಗೆ ತಲುಪುತ್ತಾರೆ. ಆ ತ್ರಿಕೋನದ ಓರೆಯ ಬದಿಯೇ ಹೊರಗೆ ಹೋಗುತ್ತಿರುವ ನರದ ಬೇರು. ಕೊಳವೆ ಕೂತ ಮೇಲೆ ಎಲ್ಲವೂ ದೊಡ್ಡದಾಗಿ ಪರದೆಯ ಮೇಲೆ ಕಾಣುತ್ತದೆ ನಿಜ. ಕೊಳವೆ ಒಳಗೆ ಹೋಗುತ್ತಿರುವ ಆ ಕೆಲವು ನಿಮಿಷಗಳಲ್ಲಿ ಶಸ್ತ್ರಚಿಕಿತ್ಸಕರಿಗೆ ದಾರಿ ತೋರುವುದು ಎಕ್ಸ್‌ರೇ ಚಿತ್ರ ಮಾತ್ರ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ಗಾಯ ಚಿಕ್ಕದಾದಷ್ಟೂ ನರ ಹೇಗಿದೆ ಎಂದು ಬೇರೆ ದಾರಿಯಿಂದ ತಿಳಿಯಬೇಕಾದ ಅಗತ್ಯ ಬರುವುದು ಹೀಗೆ.

ಆ ಬೇರೆ ದಾರಿಯೇ ವಿದ್ಯುತ್ ಸಂಕೇತಗಳ ಮೂಲಕ ನರವನ್ನು ಗಮನಿಸುವುದು. ಇದಕ್ಕೂ ಒಂದು ಹಿಂದಣ ಕಥೆಯಿದೆ. 1973ರಲ್ಲಿ ಫ್ರಾನ್ಸಿನ ವೋಜೆಲ್, ಸ್ಟಾನ್ಯಾರಾ ಮತ್ತು ಅವರ ಸಂಗಡಿಗರು ಡೊಂಕು ಬೆನ್ನುಮೂಳೆ ಸರಿಪಡಿಸುವ ದೊಡ್ಡ ಆಪರೇಷನ್‌ನ ನಡುವೆಯೇ ಅರಿವಳಿಕೆಯನ್ನು ಹಗುರಗೊಳಿಸಿ, ರೋಗಿಯನ್ನು ಅರೆ ಎಚ್ಚರಕ್ಕೆ ತಂದು, ‘ಪಾದ ಆಡಿಸಿ’ ಎಂದು ಹೇಳಿ ನೋಡುವ ಕ್ರಮವನ್ನು ವಿವರಿಸಿದರು. ಅದು ಒಳ್ಳೆಯ ಪರೀಕ್ಷೆ. ಆದರೆ ಆ ಒಂದು ಕ್ಷಣದ ಸಂಗತಿಯನ್ನಷ್ಟೇ ಹೇಳುತ್ತದೆ. ನಿರಂತರವಾಗಿ ತಿಳಿಯಲು ವಿದ್ಯುತ್ ವಿಧಾನಗಳು ಬಂದವು. ಒಂದರಲ್ಲಿ ಕಣಕಾಲಿನ ಬಳಿಯ ನರಕ್ಕೆ ಸಣ್ಣ ಪ್ರವಾಹ ಕೊಟ್ಟು, ಆ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿತೇ ಎಂದು ನೆತ್ತಿಯ ಮೇಲಿನ ತಂತಿಗಳಿಂದ ಅಳೆಯುತ್ತಾರೆ. ನೆತ್ತಿಯಲ್ಲಿ ಸಿಗುವ ಸಂಕೇತ ಕೆಲವೇ ಮೈಕ್ರೋವೋಲ್ಟ್‌ನಷ್ಟು. ನೂರಾರು ಬಾರಿ ಕೊಟ್ಟು ಸರಾಸರಿ ತೆಗೆದರೆ ಮಾತ್ರ ಅಲೆ ಗೋಚರಿಸುತ್ತದೆ. ಅಲೆಯ ಎತ್ತರ ಅರ್ಧಕ್ಕಿಳಿದರೆ ಅಥವಾ ಅದು ಶೇ 10ರಷ್ಟು ತಡವಾಗಿ ಬಂದರೆ ಎಚ್ಚರಿಸಬೇಕು ಎಂಬುದು ರೂಢಿಯ ಅಳತೆ. ಇನ್ನೊಂದರಲ್ಲಿ ದಿಕ್ಕು ತಿರುಗುಮುರುಗು: ನೆತ್ತಿಯಿಂದ ಮಿದುಳನ್ನು ಪ್ರಚೋದಿಸಿ ಕಾಲಿನ ಸ್ನಾಯುವಿನಲ್ಲಿ ಮಿಡಿತ ಬರುತ್ತದೆಯೇ ಎಂದು ನೋಡುತ್ತಾರೆ. ತಲೆಬುರುಡೆಯ ಹೊರಗಿನಿಂದಲೇ ಹೀಗೆ ಮಾಡಬಹುದು ಎಂದು ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ 1980ರಲ್ಲಿ ತೋರಿಸಿದ್ದರು.

ಸೊಂಟದ ಡಿಸ್ಕ್ ಆಪರೇಷನ್‌ನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಮೂರನೆಯದಾದ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ತನ್ನು ದಾಖಲಿಸುವುದು. ಇದಕ್ಕೊಂದು ಕಾರಣವಿದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ 1 ಅಥವಾ 2ನೆಯ ಮೂಳೆಯ ಮಟ್ಟದಲ್ಲಿಯೇ ಮುಗಿದುಹೋಗುತ್ತದೆ; ಅದರ ಕೆಳಗೆ ಇರುವುದು ಕುದುರೆಯ ಬಾಲದಂತೆ ಇಳಿಬಿದ್ದ ನರದ ಬೇರುಗಳ ಗೊಂಚಲು. ಕಣಕಾಲಿನಿಂದ ನೆತ್ತಿಗೆ ಹೋಗುವ ಸುದ್ದಿ ಒಂದಕ್ಕಿಂತ ಹೆಚ್ಚು ಬೇರುಗಳಲ್ಲಿ ಹಂಚಿಕೊಂಡು ಹೋಗುವುದರಿಂದ ಒಂದು ಬೇರಿಗೆ ಪೆಟ್ಟಾದರೂ ಉಳಿದವು ಅದನ್ನು ಮುಚ್ಚಿಬಿಡಬಹುದು. ಆದ್ದರಿಂದ ಆಯಾ ಬೇರಿನ ಆಯಾ ಸ್ನಾಯುವಿಗೆ, ಅಂದರೆ ತೊಡೆಯ ಮುಂಭಾಗ, ಮೊಣಕಾಲ ಕೆಳಗಿನ ಮುಂಭಾಗ, ಹೆಬ್ಬೆರಳನ್ನು ಎತ್ತುವ ಸ್ನಾಯು, ಮೀನಖಂಡ, ಇಲ್ಲಿಗೆಲ್ಲ ತೆಳ್ಳನೆಯ ಸೂಜಿಗಳನ್ನು ಚುಚ್ಚಿ, ಅವುಗಳ ವಿದ್ಯುತ್ತನ್ನು ನೇರವಾಗಿ ಕೇಳುತ್ತಿರುತ್ತಾರೆ. ನರವನ್ನು ಯಾರಾದರೂ ಮುಟ್ಟಿದರೆ, ಎಳೆದರೆ, ಸ್ನಾಯು ಕೂಡಲೇ ಗೊಣಗುತ್ತದೆ.

‘ಕೇಳುವುದು’ ಎಂದು ನಾನು ಅಲಂಕಾರಕ್ಕೆ ಬರೆದದ್ದಲ್ಲ. ಕೆಲವು ವರ್ಷಗಳ ಹಿಂದೆ ಪರಿಚಿತ ಶಸ್ತ್ರಚಿಕಿತ್ಸಕರೊಬ್ಬರ ಅನುಮತಿಯಿಂದ, ರೋಗಿಯ ಒಪ್ಪಿಗೆಯೊಂದಿಗೆ, ಒಂದು ಆಪರೇಷನ್ನನ್ನು ಮೂಲೆಯಲ್ಲಿ ನಿಂತು ನೋಡಿದ್ದೆ. ಭದ್ರಾವತಿ ಕಡೆಯ ಯುವತಿಯೊಬ್ಬರು ಯಂತ್ರದ ಮುಂದೆ ಕೂತಿದ್ದರು. ಪರದೆಯ ಮೇಲೆ ಎಂಟು ಗೆರೆಗಳು ಸಮತಟ್ಟಾಗಿ ಸಾಗುತ್ತಿದ್ದವು. ಪಕ್ಕದ ಸಣ್ಣ ಸ್ಪೀಕರಿನಿಂದ ದೂರದ ಮಳೆಯಂಥ ಸದ್ದು ಬರುತ್ತಿತ್ತು. ನಡುವೆ ಒಮ್ಮೆ ಐದನೆಯ ಗೆರೆ ನಡುಗಿತು, ಸ್ಪೀಕರಿನಲ್ಲಿ ಬಾಣಲೆಯಲ್ಲಿ ಅರಳು ಸಿಡಿದಂತೆ ಪಟಪಟ ಎಂದಿತು. ಅವರು ಕತ್ತೆತ್ತದೆಯೇ, ‘ಸರ್, ಒಂದು ನಿಮಿಷ. ಎಡಗಡೆ ಹೆಬ್ಬೆರಳು’ ಎಂದರು. ಶಸ್ತ್ರಚಿಕಿತ್ಸಕರು ಕೈ ನಿಲ್ಲಿಸಿ, ನರವನ್ನು ಬದಿಗೆ ಸರಿಸಿ ಹಿಡಿದಿದ್ದ ಸಲಕರಣೆಯನ್ನು ಸಡಿಲಿಸಿದರು. ಪಟಪಟ ನಿಂತಿತು. ಆಕೆ ಗಡಿಯಾರ ನೋಡಿ ಸಮಯ ಬರೆದುಕೊಂಡರು. ಆ ಎರಡು ಗಂಟೆಯಲ್ಲಿ ಅವರು ಕುರ್ಚಿಯಿಂದ ಎದ್ದದ್ದು ಒಮ್ಮೆ, ಅದೂ ರೋಗಿಯ ಕಾಲಿನಲ್ಲಿ ಸಡಿಲವಾಗಿದ್ದ ಸೂಜಿಯನ್ನು ಸರಿಪಡಿಸಲು. ತಮ್ಮ ಲೇಖನದಲ್ಲಿ ‘ಯಂತ್ರ’ ಎಂದು ಬರೆದ ಕಡೆ ನಾನು ಕಂಡದ್ದು ಆ ಯುವತಿಯನ್ನು.

ಈಗ ಮನೆಯ ವಿಷಯ. ಹೊಸನಗರ ತಾಲ್ಲೂಕಿನಲ್ಲಿ ತೋಟ ನೋಡಿಕೊಂಡಿರುವ ನನ್ನ ಅಣ್ಣನಿಗೆ ಎಡಗಾಲಿನ ಸೆಳೆತ ಆರು ತಿಂಗಳಾದರೂ ಇಳಿಯಲಿಲ್ಲ. ನಮ್ಮ ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಕೊಳವೆಯ ಮೂಲಕ ಡಿಸ್ಕ್‌ನ ತುಣುಕನ್ನು ತೆಗೆದರು. ಕಾಲುನೋವು ಅಂದೇ ಹೋಯಿತು. ಮರುದಿನ ಬೆಳಿಗ್ಗೆ ಶೌಚಕ್ಕೆಂದು ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಎಡಗಾಲಿನ ಹವಾಯಿ ಚಪ್ಪಲಿ ಮಂಚದ ಹತ್ತಿರವೇ ಉಳಿದಿತ್ತು. ಅದು ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅತ್ತಿಗೆ ನೋಡಿ ಹೇಳಿದರು. ಮನೆಗೆ ಬಂದ ಮೇಲೆ ಜಗುಲಿಯ ಕಾವಿ ನೆಲದ ಮೇಲೆ ಅವನು ನಡೆದರೆ ಪಾದ ತಪ್ಪ್, ತಪ್ಪ್ ಎಂದು ಬಡಿಯುತ್ತಿತ್ತು. ಹೆಬ್ಬೆರಳು ಏಳುತ್ತಿರಲಿಲ್ಲ. ‘ತಂಗೀ, ಮಿಷನ್ ನೋಡ್ತಿತ್ತು ಅಂದ್ರಲ್ಲ, ಹಂಗಾದ್ರೆ ಇದು ಯಾಕೆ ಹಿಂಗಾತು?’ ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು.

ಬಿಲ್ಲಿನಲ್ಲಿ ನರದ ನಿಗಾಕ್ಕೆಂದು ಬೇರೆಯೇ ಒಂದು ಮೊತ್ತವಿತ್ತು. ಬಿಡುಗಡೆಯ ಕಾಗದದಲ್ಲಿ ‘ನರದ ಸಂಕೇತಗಳು ಆಪರೇಷನ್ ಉದ್ದಕ್ಕೂ ಸಹಜವಾಗಿದ್ದವು’ ಎಂಬ ಒಂದೇ ಸಾಲು. ದಾಖಲೆಗಳನ್ನು ಕೇಳಿ ಮೂರನೆಯ ಸಲಕ್ಕೆ ಅರಿವಳಿಕೆಯ ಪಟ್ಟಿಯೂ ನಿಗಾದ ಎರಡು ಪುಟಗಳೂ ಕೈಗೆ ಬಂದವು. ಅವನ್ನು ಎದುರುಬದುರು ಇಟ್ಟು ಸಮಯ ಹೊಂದಿಸಿ ಓದಿದೆ. ಇಟ್ಟಿದ್ದು ಇಎಂಜಿ ಒಂದನ್ನೇ. ನರದ ಬೇರನ್ನು ಬದಿಗೆ ಸರಿಸುವುದಕ್ಕೆ ಸುಮಾರು ಹತ್ತು ನಿಮಿಷ ಮೊದಲು ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನು ಮತ್ತೊಮ್ಮೆ ಕೊಟ್ಟಿದ್ದರು. ಆ ಔಷಧಿಯ ಕೆಲಸವೇ ನರದ ಆಜ್ಞೆ ಸ್ನಾಯುವಿಗೆ ತಲುಪದಂತೆ ತಡೆಯುವುದು. ಅದು ಪೂರ್ತಿ ಹಿಡಿದಿರುವಾಗ ನರವನ್ನು ಹಿಂಡಿದರೂ ಇಎಂಜಿಯ ಗೆರೆ ಕದಲುವುದಿಲ್ಲ. ಔಷಧಿಯ ಹಿಡಿತ ಎಷ್ಟಿದೆ ಎಂದು ತಿಳಿಯಲು ನರಕ್ಕೆ ಸಾಲಾಗಿ ನಾಲ್ಕು ಮಿಡಿತ ಕೊಟ್ಟು ಸ್ನಾಯು ಎಷ್ಟಕ್ಕೆ ಉತ್ತರಿಸಿತು ಎಂದು ಎಣಿಸುವ ಸುಲಭದ ಪರೀಕ್ಷೆಯಿದೆ. ಅದರ ನಮೂದು ಎಲ್ಲೂ ಇರಲಿಲ್ಲ. ನಿಗಾ ಮಾಡಿದವರ ಹೆಸರಿನ ಜಾಗ ಖಾಲಿಯಿತ್ತು.

ನಾನಿಲ್ಲಿ ನ್ಯಾಯವಾಗಿ ಮಾತಾಡಬೇಕು. ಶಸ್ತ್ರಚಿಕಿತ್ಸಕರ ಕೈ ತಪ್ಪಿತು ಎಂದು ನಾನು ಹೇಳುತ್ತಿಲ್ಲ. ಆರು ತಿಂಗಳು ಒತ್ತಿಹೋಗಿದ್ದ ನರ ಎಲ್ಲ ಎಚ್ಚರದ ನಡುವೆಯೂ ಸೋಲಬಹುದು. ಆ ವೈದ್ಯರು ಅಣ್ಣನ ಪಕ್ಕದಲ್ಲಿ ಅರ್ಧ ಗಂಟೆ ಕೂತು ಸಮಾಧಾನದಿಂದ ಮಾತಾಡಿದ್ದನ್ನು ನಮ್ಮ ಮನೆಯವರು ಮರೆತಿಲ್ಲ. ನನ್ನ ದೂರು ಇಷ್ಟೇ: ಔಷಧಿಯಿಂದ ಯಂತ್ರದ ಕಣ್ಣು ಕಟ್ಟಿದ್ದ ಹೊತ್ತಿನಲ್ಲಿ ‘ಸಹಜ’ ಎಂದು ಬರೆದರು. ಗೆರೆ ಸುಮ್ಮನಿತ್ತು ಎಂಬುದು ಸತ್ಯ; ನರ ಸುಖವಾಗಿತ್ತು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಇನ್ನೂ ಒಂದು ಕೊರತೆ ಇತ್ತು. ಆಪರೇಷನ್‌ಗೆ ಮೊದಲು ಹೆಬ್ಬೆರಳಿನ ಬಲ ಎಷ್ಟಿತ್ತೆಂದು ಆಸ್ಪತ್ರೆಯ ಕಾಗದದಲ್ಲಿ ಯಾರೂ ಬರೆದಿರಲಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ 5ರಲ್ಲಿ 4 (5 ಎಂದರೆ ಪೂರ್ತಿ ಬಲ) ಎಂದಿತ್ತು, ಆಪರೇಷನ್ ಆದ ವಾರದಲ್ಲಿ 1. ಆ ಮೊದಲ ಅಂಕಿ ಇಲ್ಲದಿದ್ದರೆ, ಕಾಲು ಮೊದಲಿನಿಂದಲೂ ಹಾಗೆಯೇ ಇತ್ತೇನೋ ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿರುತ್ತಿರಲಿಲ್ಲ.

ನರದ ಎಳೆ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಸೊಂಟದಿಂದ ಮೊಣಕಾಲ ಕೆಳಗಿನ ಸ್ನಾಯುವಿನವರೆಗಿನ ದೂರವನ್ನು ಲೆಕ್ಕ ಹಾಕಿದರೆ ಎಷ್ಟು ಕಾಲವೆಂದು ಓದುಗರೇ ತಿಳಿಯಬಹುದು. ಅಣ್ಣನ ನರ ಪೂರ್ತಿ ತುಂಡಾಗಿರಲಿಲ್ಲ, ಜಜ್ಜಿತ್ತು ಎಂದು ಕಾಣುತ್ತದೆ. ಪಾದಕ್ಕೆ ಆಸರೆಯ ಪಟ್ಟಿ ಕಟ್ಟಿ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ದಿನಕ್ಕೆ ಎರಡು ಹೊತ್ತು ವ್ಯಾಯಾಮ ಮಾಡಿಸಿದ ಮೇಲೆ ಐದು ತಿಂಗಳಲ್ಲಿ ಬಲ 3ಕ್ಕೆ ಬಂತು. ಈಗ ತೋಟದಲ್ಲಿ ಓಡಾಡುತ್ತಾನೆ. ಹಳ್ಳದ ಮೇಲಿನ ಸಂಕ ದಾಟುವಾಗ ಮಾತ್ರ ಇಂದಿಗೂ ಯಾರದಾದರೂ ಕೈ ಹಿಡಿದುಕೊಳ್ಳುತ್ತಾನೆ.

ಹಾಗೆಂದು ಪ್ರತಿ ಡಿಸ್ಕ್ ಆಪರೇಷನ್‌ಗೂ ಈ ಯಂತ್ರ ಕಡ್ಡಾಯವಾಗಲಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅದು ಇನ್ನೊಂದು ಬಗೆಯ ತಪ್ಪಾಗುತ್ತದೆ. ಬೆನ್ನುಹುರಿಗೇ ಅಪಾಯವಿರುವ ದೊಡ್ಡ ಆಪರೇಷನ್‌ಗಳಲ್ಲಿ ನಿಗಾದ ಬೆಲೆ ಚೆನ್ನಾಗಿ ಗೊತ್ತಾಗಿದೆ. ಅಮೆರಿಕದ ನ್ಯೂವರ್ ಮತ್ತು ಸಂಗಡಿಗರು 1995ರಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗಿದ್ದವರ 51,263 ಆಪರೇಷನ್‌ಗಳ ಸಮೀಕ್ಷೆ ಪ್ರಕಟಿಸಿ, ಅನುಭವಿ ತಂಡಗಳು ನಿಗಾ ಇಟ್ಟ ಕಡೆ ನರದ ಹಾನಿ ಕಡಿಮೆಯಿತ್ತು ಎಂದು ತೋರಿಸಿದರು. ‘ಅನುಭವಿ ತಂಡಗಳು’ ಎಂಬ ಮಾತನ್ನು ಗಮನಿಸಬೇಕು. ಆದರೆ ಸೊಂಟದ ಒಂದೇ ಮಟ್ಟದ ಸಾಮಾನ್ಯ ಡಿಸ್ಕ್ ತೆಗೆಯುವ ಆಪರೇಷನ್‌ನಲ್ಲಿ ಎಲ್ಲರಿಗೂ ನಿಗಾ ಇಟ್ಟರೆ ಫಲಿತಾಂಶ ಉತ್ತಮವಾಗುತ್ತದೆ ಎಂಬುದಕ್ಕೆ ಅಂಥ ಗಟ್ಟಿ ಆಧಾರ ಸಿಕ್ಕಿಲ್ಲ. ಪಳಗಿದ ಕೈಯಲ್ಲಿ ಈ ಆಪರೇಷನ್ ನಿಗಾ ಇಲ್ಲದೆಯೂ ಸುರಕ್ಷಿತವಾಗಿ ನಡೆಯುತ್ತದೆ. ಎದೆಮಟ್ಟದ ಅಥವಾ ಕುತ್ತಿಗೆಯ ಡಿಸ್ಕ್, ಹಿಂದೊಮ್ಮೆ ಆಪರೇಷನ್ ಆಗಿ ಒಳಗೆಲ್ಲ ಅಂಟಿಕೊಂಡಿರುವ ಬೆನ್ನು, ಪಕ್ಕೆಯಿಂದ ಸ್ನಾಯುವಿನ ನಡುವೆ ಹಾದು ಹೋಗುವ ವಿಧಾನ, ಸ್ಕ್ರೂ ಕೂರಿಸುವ ಕೆಲಸ, ಇಂಥ ಕಡೆ ಮಾತು ಬೇರೆ. ಸ್ಕ್ರೂಗೆ ಸಣ್ಣ ಪ್ರವಾಹ ಕೊಟ್ಟಾಗ 8 ಮಿಲಿಆಂಪಿಯರ್‌ಗಿಂತ ಕಡಿಮೆಯಲ್ಲಿಯೇ ಕಾಲಿನ ಸ್ನಾಯು ಮಿಡಿದರೆ, ಅದು ಮೂಳೆಯ ಗೋಡೆ ದಾಟಿ ನರದ ಹತ್ತಿರ ಬಂದಿರಬಹುದು ಎಂದು ಅನುಮಾನಿಸುತ್ತಾರೆ. ಇಂಥ ಉಪಯೋಗಗಳನ್ನು ಕಡೆಗಣಿಸುವಂತಿಲ್ಲ.

ಇಎಂಜಿಗೂ ಅದರದೇ ಮಿತಿಗಳಿವೆ. ಚೂಪಾದ ಉಪಕರಣದಿಂದ ನರ ಒಮ್ಮೆಗೇ ಕತ್ತರಿಸಿಹೋದರೆ ಒಂದು ಕ್ಷಣದ ಸದ್ದಾಗಿ ಮತ್ತೆ ಎಲ್ಲವೂ ಶಾಂತವಾಗಬಹುದು. ಬಹುಕಾಲ ಒತ್ತಿಹೋದ ನರ ಉತ್ತರಿಸಲು ಆರೋಗ್ಯವಂತ ನರಕ್ಕಿಂತ ಹೆಚ್ಚು ಪ್ರವಾಹ ಬೇಡುತ್ತದೆ. ರಕ್ತ ನಿಲ್ಲಿಸುವ ವಿದ್ಯುತ್ ಕಡ್ಡಿ ಉರಿಯುವಷ್ಟು ಹೊತ್ತೂ ಪರದೆಯ ಮೇಲೆ ಗೆರೆಗಳೇ ಉಳಿಯುವುದಿಲ್ಲ. ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇರೆ ಸೇರಿಕೊಳ್ಳುತ್ತದೆ. ಇನ್ನು ನೆತ್ತಿಯಿಂದ ಮತ್ತು ನೆತ್ತಿಗೆ ಅಳೆಯುವ ಸಂಕೇತಗಳು ರಕ್ತದೊತ್ತಡ ಕುಸಿದರೂ, ಮೈ ತಣ್ಣಗಾದರೂ, ಉಸಿರಿನ ಮೂಲಕ ಕೊಡುವ ಅರಿವಳಿಕೆಯ ಅನಿಲ ಹೆಚ್ಚಾದರೂ ಕುಗ್ಗುತ್ತವೆ. ಆದ್ದರಿಂದಲೇ ಇಂಥ ಆಪರೇಷನ್‌ಗಳಲ್ಲಿ ಅರಿವಳಿಕೆ ತಜ್ಞರು ಅನಿಲವನ್ನು ತಗ್ಗಿಸಿ, ಪ್ರೊಪೊಫಾಲ್‌ನಂಥ ಔಷಧಿಯನ್ನು ರಕ್ತನಾಳದ ಮೂಲಕ ಕೊಡುವ ಕ್ರಮವನ್ನು ಅನುಸರಿಸುತ್ತಾರೆ. ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಕರು, ನಿಗಾ ಮಾಡುವವರು ಮೂವರೂ ಮೊದಲೇ ಕೂತು ಮಾತಾಡಿಕೊಳ್ಳದೆ ಇದ್ದರೆ ಯಂತ್ರ ಇದ್ದೂ ಇಲ್ಲದಂತೆ. ನಮ್ಮ ಅಣ್ಣನ ವಿಷಯದಲ್ಲಿ ಆದದ್ದು ಅದೇ ಎಂದು ನನ್ನ ನಂಬಿಕೆ.

ಇಷ್ಟೆಲ್ಲದರ ನಡುವೆ ತಮ್ಮ ಲೇಖನದಲ್ಲಿ ಪ್ರಸ್ತಾಪವೇ ಆಗದ ಇನ್ನೊಂದು ನಿಗಾ ಇದೆ. ಪಕ್ಕದಿಂದ ಎಂಡೋಸ್ಕೋಪ್ ಇಳಿಸುವ ಆಪರೇಷನ್ನನ್ನು ಎಷ್ಟೋ ಕಡೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ರೋಗಿಗೆ ತೂಕಡಿಕೆ ಬರುವಷ್ಟು ಮಾತ್ರ ಔಷಧಿ ಕೊಟ್ಟು ಮಾಡುತ್ತಾರೆ. ಮಗ್ಗುಲಾಗಿಯೋ ಬೋರಲಾಗಿಯೋ ಮಲಗಿದ ರೋಗಿ ಎಚ್ಚರದಲ್ಲಿರುತ್ತಾರೆ. ನರಕ್ಕೆ ಕೊಳವೆ ತಾಗಿದರೆ ಅವರೇ ಹೇಳಬಲ್ಲರು. ಇದಕ್ಕಿಂತ ಚುರುಕಾದ ಯಂತ್ರವಿಲ್ಲ. ಆದರೆ ಇದಕ್ಕೂ ಕೇಳುವವರು ಬೇಕು, ಅವರಿಗೆ ನಮ್ಮ ಭಾಷೆ ತಿಳಿದಿರಬೇಕು. ನಮ್ಮ ಕಡೆಯವರು ನೋವಿಗೆ ಎಷ್ಟು ಹೆಸರಿಟ್ಟಿದ್ದಾರೆ ನೋಡಿ: ಜೋಮು ಬೇರೆ, ಸೆಳೆತ ಬೇರೆ, ಚಳಕು ಬೇರೆ, ಉರಿ ಬೇರೆ, ಮರಗಟ್ಟುವುದು ಬೇರೆ. ಶಸ್ತ್ರಚಿಕಿತ್ಸಕರಿಗೆ ಬೇಕಾದ ಸುದ್ದಿ ಈ ವ್ಯತ್ಯಾಸದಲ್ಲಿಯೇ ಇದೆ. ಸೊಂಟದಲ್ಲಿ ಒತ್ತಿದಂತಾದರೆ ಅದು ನಿರೀಕ್ಷಿತ; ಮೊಣಕಾಲ ಕೆಳಗೆ ಕರೆಂಟು ಹೊಡೆದಂತೆ ಚಳಕು ಬಂದರೆ ಕೈ ನಿಲ್ಲಿಸಬೇಕು. ಇದೆಲ್ಲವನ್ನೂ ‘ಪೇನ್ ಇದೆಯಾ?’ ಎಂಬ ಒಂದು ಪ್ರಶ್ನೆಯಲ್ಲಿ ಅಡಗಿಸಿದರೆ ನಮ್ಮ ಹಿರಿಯರಿಂದ ಬರುವ ಉತ್ತರ ಒಂದೇ: ‘ಅಡ್ಡಿಲ್ಲ.’ ಡಾಕ್ಟರ ಕೆಲಸಕ್ಕೆ ತೊಂದರೆಯಾಗಬಾರದು, ತಾನು ಹೆದರಿದವನೆಂದು ಕಾಣಬಾರದು ಎಂಬ ಮರ್ಯಾದೆಯಿಂದ ಮಲೆನಾಡಿನವರು ಹಲ್ಲು ಕಚ್ಚಿಕೊಂಡಾದರೂ ‘ಅಡ್ಡಿಲ್ಲ’ ಎಂದೇ ಹೇಳುತ್ತಾರೆ. ನನ್ನ ಮೇಜಿನ ಮೇಲೆ ಮಲಗಿದವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಈ ಮಾತನ್ನು ಕೇಳುತ್ತೇನೆ. ಅವರ ಮುಷ್ಟಿ ಮಾತ್ರ ಬಿಗಿದಿರುತ್ತದೆ.

ಆದ್ದರಿಂದ ಎಚ್ಚರದಲ್ಲಿಟ್ಟು ಮಾಡುವ ಆಪರೇಷನ್‌ಗೆ ಹಿಂದಿನ ದಿನವೇ ಕನ್ನಡ ಬಲ್ಲ ಒಬ್ಬರು ರೋಗಿಯ ಬಳಿ ಕೂತು, ಯಾವ ನೋವು ಬಂದರೆ ಯಾವ ಮಾತು ಹೇಳಬೇಕು, ಹೆಬ್ಬೆರಳು ಆಡಿಸಿ ಎಂದಾಗ ಹೇಗೆ ಆಡಿಸಬೇಕು ಎಂದು ಅಭ್ಯಾಸ ಮಾಡಿಸಿದರೆ ಒಳ್ಳೆಯದು. ಅದಕ್ಕೆ ಹತ್ತು ನಿಮಿಷ ಸಾಕು, ಖರ್ಚಿಲ್ಲ. ಅದೇ ವ್ಯಕ್ತಿ ಮರುದಿನ ರೋಗಿಯ ತಲೆಯ ಹತ್ತಿರ ನಿಂತಿರಬೇಕು. ಘಾಟಿ ಇಳಿದು ಕರಾವಳಿಗೋ, ರೈಲು ಹತ್ತಿ ಬೆಂಗಳೂರಿಗೋ ಹೋಗುವ ನಮ್ಮವರಿಗೆ ಇದನ್ನು ಒದಗಿಸುವುದು ಆಸ್ಪತ್ರೆಗಳಿಗೆ ಭಾರವಾಗಲಾರದು.

ಪೂರ್ಣ ಅರಿವಳಿಕೆಯಲ್ಲಿ ನಿಗಾ ಇಡುತ್ತೇವೆ ಎಂದು ಹೇಳಿ ಹಣ ಪಡೆಯುವ ಆಸ್ಪತ್ರೆಗಳಿಂದ ನಾನು ಬಯಸುವುದು ಒಂದು ಪುಟದ ಬರಹ. ಯಾವ ಬಗೆಯ ನಿಗಾ, ಯಾವ ಯಾವ ಸ್ನಾಯುಗಳಲ್ಲಿ. ರೋಗಿಯನ್ನು ಬೋರಲು ಮಲಗಿಸುವ ಮೊದಲು ಮತ್ತು ಮಲಗಿಸಿದ ನಂತರ ಸಿಕ್ಕ ಮೊದಲ ಸಂಕೇತಗಳು ಹೇಗಿದ್ದವು. ಪರದೆಯ ಮುಂದೆ ಕೂತವರು ಯಾರು, ಅವರು ಏನು ಓದಿದವರು, ಅದೇ ಕೋಣೆಯಲ್ಲಿದ್ದರೇ ಅಥವಾ ಅದೇ ಹೊತ್ತಿನಲ್ಲಿ ಇನ್ನೊಂದು ಕೋಣೆಯ ಪರದೆಯನ್ನೂ ನೋಡುತ್ತಿದ್ದರೇ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟದ್ದು ಎಷ್ಟು ಹೊತ್ತಿಗೆ, ನರದ ಬಳಿ ಕೆಲಸ ಶುರುವಾಗುವಾಗ ನಾಲ್ಕರಲ್ಲಿ ಎಷ್ಟು ಮಿಡಿತ ಮರಳಿದ್ದವು. ಎಚ್ಚರಿಕೆ ಬಂದಿದ್ದರೆ ಆಗ ಏನು ಮಾಡಿದರು. ಇದೆಲ್ಲ ಹೇಗೂ ಆ ಹೊತ್ತಿನಲ್ಲಿ ತಂಡಕ್ಕೆ ಗೊತ್ತಿರಲೇಬೇಕಾದ ಸಂಗತಿ, ಹೊಸದಾಗಿ ಹುಡುಕಬೇಕಾದದ್ದೇನಿಲ್ಲ. ಅದರ ಜೊತೆಗೆ, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮೊದಲು, ಆಪರೇಷನ್‌ನ ಹಿಂದಿನ ದಿನ ಮತ್ತು ಎಚ್ಚರವಾದ ಕೂಡಲೇ ಎರಡೂ ಕಾಲಿನ ಬಲವನ್ನು ಪರೀಕ್ಷಿಸಿ ಅಂಕಿಯಲ್ಲಿ ಬರೆದಿಡಬೇಕು. ಹೆಬ್ಬೆರಳನ್ನು ನನ್ನ ಬೆರಳಿಗೆ ಎದುರಾಗಿ ಎತ್ತಿ ಎನ್ನುವ ಪರೀಕ್ಷೆಗೆ ಅರ್ಧ ನಿಮಿಷ ಬೇಕು. ರಾತ್ರಿ ಪಾಳಿಯ ದಾದಿಯರಿಗೂ ಅದನ್ನು ಕಲಿಸಬಹುದು. ಒಳಗೆ ರಕ್ತ ಕಟ್ಟಿ ನರ ಒತ್ತಿಹೋಗುತ್ತಿದ್ದರೆ ಮೊದಲು ಗೊತ್ತಾಗುವುದು ಹೀಗೆಯೇ.

ರೋಗಿಗಳಿಗೂ ತಮ್ಮ ಹಕ್ಕು ತಿಳಿದಿರಲಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು, ಅಪಾಯಗಳನ್ನು ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ ಕೂಡ 2008ರ ತೀರ್ಪಿನಲ್ಲಿ ಹೇಳಿದೆ. ನಾನು ಮೂರು ಸಲ ಅಲೆದದ್ದು ಈ ನಿಯಮ ನನಗೇ ಗೊತ್ತಿಲ್ಲದಿದ್ದುದರಿಂದ.

ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೆಗ್ಗಾನ್‌ನಂಥ ದೊಡ್ಡ ಬೋಧನಾ ಆಸ್ಪತ್ರೆಯಿದೆ. ಇಲ್ಲಿಗೆ ಇಂಥ ಯಂತ್ರಗಳನ್ನು ಕೊಡಿಸಿ ಎಂದು ಕೇಳುವವರು ನಾಳೆ ಬಂದೇ ಬರುತ್ತಾರೆ. ಯಂತ್ರಕ್ಕಿಂತ ಮೊದಲು ಅದನ್ನು ನೋಡಬಲ್ಲ ನಾಲ್ವರನ್ನು ತಯಾರು ಮಾಡಿ ಎಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ. ನಾನು ಅಂದು ಕಂಡ ಭದ್ರಾವತಿಯ ಯುವತಿಯಂಥವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ತರಬೇತಿಯೂ ಕಾಯಂ ಕೆಲಸವೂ ಸಿಗಬೇಕು.

ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಆ ಲೇಖನದ ಕೊನೆಯ ವಾಕ್ಯಕ್ಕೆ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕು. ನಿಗಾ ಅಪಾಯವನ್ನು ಕೆಲವು ಸಂದರ್ಭಗಳಲ್ಲಿ ಮುಂಚಿತವಾಗಿ ತಿಳಿಸಬಲ್ಲದು, ಇಲ್ಲವಾಗಿಸಲಾರದು ಎಂದಷ್ಟು ಬರೆದರೆ ಸಾಕು.

ನನ್ನ ಬಳಿ ಬಂದ ಕೊನೆಗಾರರಿಗೆ ನೋವು ಶುರುವಾಗಿ ಐದು ವಾರವಾಗಿದೆ, ಕಾಲಿನ ಬಲ ಪೂರ್ತಿ ಇದೆ, ಸೆಳೆತ ಇಳಿಯುತ್ತಿದೆ. ಸದ್ಯ ಮರ ಹತ್ತಬೇಡಿ, ಆಪರೇಷನ್‌ನ ಮಾತು ಒಂದೂವರೆ ತಿಂಗಳು ಬಿಟ್ಟು ನೋಡೋಣ ಎಂದು ಹೇಳಿ, ಅವರ ವೈದ್ಯರಿಗೂ ಚೀಟಿ ಬರೆದುಕೊಟ್ಟಿದ್ದೇನೆ. ಟೀಚರ ಕಾಲಿನ ಬಲ ಕುಗ್ಗಿದೆ; ಅವರಿಗೆ ಆಪರೇಷನ್ ಬೇಕು, ಮುಂದಿನ ಸೋಮವಾರ ಗೊತ್ತಾಗಿದೆ. ಮೇಲೆ ಹೇಳಿದ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಿದ್ದೇನೆ. ಹಾಳೆಯ ತಲೆಯಲ್ಲಿ ‘ಬಲಗಾಲ ಹೆಬ್ಬೆರಳು 5ರಲ್ಲಿ 3’ ಎಂದು ದಿನಾಂಕ ಹಾಕಿದ್ದೇನೆ. ತಾವೂ ಪರೀಕ್ಷಿಸಿ ನೋಡಿ ಅದರ ಕೆಳಗೆ ಬರೆಯಿರೆಂದು ಅವರ ಮಗ ಭಾನುವಾರ ಸಂಜೆ ಶಸ್ತ್ರಚಿಕಿತ್ಸಕರನ್ನು ಕೇಳಲಿದ್ದಾನೆ.

ಇತಿ,
ಒಬ್ಬ ಫಿಸಿಯೋಥೆರಪಿಸ್ಟ್,
ಶಿವಮೊಗ್ಗ